ಮೂರು ಎಂದ ಮೇಲೆ

"ಮತ್ತೆ ಲೇಟು! ನಿನ್ನಿಂದಲೇ ಬಿದ್ದಿದ್ದು ಗೋಕುಲ್!"

ಶೋಭಾರಾಣಿ ಫೋನನ್ನು ಕೌಂಟರ್ ಮೇಲೆ ಕುಕ್ಕಿದಳು. ಮಸಿನಗುಡಿಯಲ್ಲಿ ಅವಳಪ್ಪನದು ಜೀಪ್ ಸ್ಪೇರ್ ಪಾರ್ಟ್ಸ್ ಅಂಗಡಿ. ಮಧ್ಯಾಹ್ನ ಅಪ್ಪ ಊಟಕ್ಕೆ ಹೋದರೆ ಅಂಗಡಿಯೂ ಅವಳದು, ಆಟವೂ ಅವಳದು. ಆಟದಲ್ಲಿ ಇಬ್ಬರು ಬೆಟ್ಟ ಹತ್ತಬೇಕು. ಇಬ್ಬರ ಸೊಂಟಕ್ಕೂ ಒಂದೇ ಹಗ್ಗ. ಕಂದಕ ಬಂದಾಗ ಒಟ್ಟಿಗೆ ಹಾರಬೇಕು. ಒಬ್ಬರು ತಡಮಾಡಿದರೆ ಇಬ್ಬರೂ ಪಾತಾಳಕ್ಕೆ.

"ಸಾರಿ ರಾಣಿ," ಎಂದ ಕಟ್ಟಬೆಟ್ಟಿನಿಂದ ಗೋಕುಲ್, ಇಯರ್‌ಫೋನಿನಲ್ಲಿ. "ಇನ್ನೊಂದು ಸಲ ನೋಡೋಣ."

ಈ 'ನೋಡೋಣ' ಕೇಳಿದರೇ ಅವಳಿಗೆ ಮೈಯೆಲ್ಲ ಉರಿ. "ನನ್ನ ಮದುವೆ ಆಗ್ತೀಯಾ?" ಎಂದು ಹದಿನೈದು ದಿನದ ಹಿಂದೆ ಅವಳೇ ಬಾಯಿಬಿಟ್ಟು ಕೇಳಿದ್ದಳು. ಅದಕ್ಕೂ ಅವನು ಹೇಳಿದ್ದು ನೋಡೋಣ ಎಂದೇ.

ಊಟಿಯ ಕಾಲೇಜಿನಲ್ಲಿ ಮೂರು ವರ್ಷ ಒಂದೇ ಕ್ಲಾಸು. ಅದು ಮುಗಿದು ಇವಳು ಕೆಳಗೆ ಕಾಡಂಚಿನ ಮಸಿನಗುಡಿಗೆ, ಅವನು ತನ್ನ ಹಟ್ಟಿಯ ಟೀ ತೋಟಕ್ಕೆ ಮರಳಿದ ಮೇಲೆ ಸಿಕ್ಕಿದ್ದು ಈ ಆಟ. "ದೊಡ್ಡ ಕಂಪ್ಯೂಟರ್ ಬೇಡ ರಾಣಿ. ಆಟ ಓಡೋದು ಎಲ್ಲೋ ದೂರದ ಸರ್ವರ್‌ನಲ್ಲಿ, ನಮಗೆ ಬರೋದು ಬರೀ ಚಿತ್ರ. ನಿನ್ನ ಆ ಹಳೇ ಫೋನೇ ಸಾಕು," ಎಂದು ಅವನೇ ಹುಚ್ಚು ಹಿಡಿಸಿದ್ದ. ನಿಜವೇ. ಗಾಜು ಬಿರುಕುಬಿಟ್ಟ ಆ ಫೋನಿನಲ್ಲಿ ಹಿಮದ ಬೆಟ್ಟ ಎದ್ದು ನಿಂತಾಗ ಅವಳು ಅಂಗಡಿಯಲ್ಲೇ ಕುಣಿದಿದ್ದಳು. ಆದರೆ ವೀಕೆಂಡಿನಲ್ಲಿ ಟೂರಿಸ್ಟುಗಳೆಲ್ಲ ಆನೆಯ ವಿಡಿಯೋ ಕಳಿಸಲು ಕೂತರೆ, ಊರಿನ ಒಂದೇ ಟವರ್ ಏದುಸಿರು ಬಿಡುತ್ತಿತ್ತು. ಹಿಮದ ಬೆಟ್ಟ ಚೌಕ ಚೌಕವಾಗಿ ಒಡೆದು ನಿಲ್ಲುತ್ತಿತ್ತು.

ಆದರೂ ಬಿದ್ದಾಗಲೆಲ್ಲ ಅವಳು ಬೈಯುತ್ತಿದ್ದದ್ದು ಗೋಕುಲ್‌ನನ್ನೇ. ಎಲ್ಲದರಲ್ಲೂ ನಿಧಾನ ಈ ಮನುಷ್ಯ. ಕೈಕಟ್ಟಿ ಕಾಯುವ ಜಾಯಮಾನ ಅವಳದಲ್ಲ. ಮರುದಿನ ಬೆಳಿಗ್ಗೆಯೇ ಊಟಿಯ ಬಸ್ ಹತ್ತಿದಳು, ಅಲ್ಲಿಂದ ಕಟ್ಟಬೆಟ್ಟಿನ ಮೇಲೆ ಹೋಗುವ ಕೋಟಗಿರಿಯದು. ಕಲ್ಲಟ್ಟಿ ಘಾಟಿಯ ಒಂದೊಂದು ತಿರುವಿಗೂ ಒಂದೊಂದು ಬೈಗುಳ ಜೋಡಿಸಿಕೊಂಡಳು.

ಕಟ್ಟಬೆಟ್ಟಿನ ಎಲೆ ತೂಗುವ ಶೆಡ್ಡಿನಲ್ಲಿ ಗೋಕುಲ್ ಒಬ್ಬನೇ ಇದ್ದ. ಅವಳನ್ನು ಕಂಡು ದಡಬಡಿಸಿ ಎದ್ದ. ತೋಟದ ಕಡೆ ನೋಡಿದ, ಅವಳ ಕಡೆ ನೋಡಿದ, ಮತ್ತೆ ತೋಟದ ಕಡೆ. ಕಿವಿ ಕೆಂಪಗಾಗಿತ್ತು.

"ಏನು, ತೋಟಕ್ಕೆ ಕಾಡುಕೋಣ ಬಂದಿದ್ಯಾ?"

"ಇಲ್ಲ... ನೀನು ಬಂದಿದ್ದೀಯ."

ಬೈಗುಳಗಳೆಲ್ಲ ಎಲ್ಲಿ ಹೋದವೋ. ಅವಳು ತುಟಿ ಕಚ್ಚಿ ನಗು ನುಂಗಿದಳು. "ಇಲ್ಲಿ ಫೈಬರ್ ಇಂಟರ್ನೆಟ್ ಇದೆ ತಾನೆ? ಒಂದೇ ಆಟ. ದಾಟಿದ್ರೆ ಮಾತು. ಬಿದ್ರೆ ನಾನು ವಾಪಸ್, ಇನ್ಯಾವತ್ತೂ ಫೋನ್ ಮಾಡಲ್ಲ."

ಬೆಂಚಿನ ಮೇಲೆ ಪಕ್ಕಪಕ್ಕ ಕೂತರು. ಚಿತ್ರ ಇಷ್ಟು ತಿಳಿಯಾಗಿ ಅವಳು ಎಂದೂ ಕಂಡಿರಲಿಲ್ಲ. ಕಂದಕ ಬಂತು.

"ಒಂದು, ಎರಡು, ಮೂರು!"

ಒತ್ತಿದ ಕ್ಷಣವೇ ಅವಳ ಗೊಂಬೆ ಹಾರಿತು. ಹಗ್ಗ ಬಿಗಿಯಿತು. ಇಬ್ಬರೂ ಕೆಳಗೆ.

ಅವಳು ನೋಡಿದ್ದು ಅವನ ಬೆರಳನ್ನು. ಅದಿನ್ನೂ ಗಾಜಿನ ಮೇಲೆ ಎತ್ತಿದ್ದ ಹಾಗೇ ಇತ್ತು.

"ನೀನು ಒತ್ತಲೇ ಇಲ್ಲ!"

"ಮರೆತೆ. ಇಲ್ಲಿ ನಿಂದು ಲೇಟಾಗಲ್ಲ ಅಂತ."

"ನಂದಾ?"

"ಮಸಿನಗುಡಿಯಿಂದ ನಿನ್ನ ಧ್ವನಿ ಬೇಗ ಬರುತ್ತೆ ರಾಣಿ, ನೀನು ಒತ್ತಿದ್ದು ಸರ್ವರ್‌ಗೆ ತಡವಾಗಿ ಮುಟ್ಟುತ್ತೆ. ಅದಕ್ಕೇ ನೀನು ಮೂರು ಅಂದ ಮೇಲೆ ಸ್ವಲ್ಪ ಕಾಯ್ತೀನಿ. ಶನಿವಾರ ಆದ್ರೆ ಇನ್ನೂ ಸ್ವಲ್ಪ. ಅಂದಾಜು ತಪ್ಪಿದ್ರೆ ಬೀಳ್ತೀವಿ."

"ಯಾವಾಗಿಂದ?"

"ಮೊದಲ್ನೇ ವಾರದಿಂದ."

ಆಟ ಶುರುವಾಗಿ ಎಂಟು ತಿಂಗಳು! ಅಷ್ಟೂ ದಿನ ಬೈಸಿಕೊಂಡು ಸಾರಿ ಕೇಳಿದ್ದು ಇವನು. ನಾಚಿಕೆಯಿಂದ ಅವಳ ಮುಖ ಬಿಸಿಯಾಯಿತು, ಪ್ರೀತಿಯಿಂದ ಕಣ್ಣು ತುಂಬಿತು. "ಯಾಕೋ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಆಟಾನೇ ಬಿಡ್ತಿದ್ದೆ. ಮಧ್ಯಾಹ್ನ ನಿನ್ನ ಬೈಗುಳ ಇಲ್ದೆ ನಾನೇನ್ ಮಾಡ್ಲಿ?"

"ಮದುವೆ ವಿಷಯ? ಅದಕ್ಕೂ ಟವರ್ ಅಡ್ಡ ಬಂತಾ?"

ಅವನು ತಲೆ ತಗ್ಗಿಸಿದ. "ನೀನು ಇಲ್ಲಿಗೆ ಬಂದ್ರೆ ಈ ಮಂಜು, ಈ ಚಳಿ, ಹೊಸ ಜನ, ಹೊಸ ಮಾತು... ದುಡುಕಿ ಕೇಳಿದ್ಯೋ ಏನೋ. ನೀನು ಯೋಚಿಸ್ಲಿ ಅಂತ ಕಾದೆ."

ಹೊರಗೆ ತೋಟದಲ್ಲಿ ಎಲೆ ಕೀಳುವ ಮಲ್ಲಿ ಅಕ್ಕ ತಲೆಯ ಮೇಲಿನ ಚೀಲ ಇಳಿಸಿದಳು. "ಗೋಕುಲ್, ಬೇಗ ತೂಗಪ್ಪಾ. ಎಲೆ ಬಿಸಿಯಾಗ್ತಿದೆ, ಕೆಂಪಾದ್ರೆ ಫ್ಯಾಕ್ಟರಿಯವರು ಎತ್ತಲ್ಲ."

ಗೋಕುಲ್ ಚಂಗನೆ ಎದ್ದ. ಶೋಭಾರಾಣಿ ಅವನ ತೋಳು ಹಿಡಿದಳು.

"ಎಲೆ ಕೆಡುತ್ತೆ ಅಂದ್ರೆ ಓಡ್ತೀಯ, ನಾನು ಹದಿನೈದು ದಿನ ಕಾಯಬಹುದಾ? ನನ್ನ ಪರವಾಗಿ ನೀನು ಯೋಚ್ನೆ ಮಾಡ್ಬೇಡ. ನಿಂಗೆ ಇಷ್ಟ ಇದ್ಯಾ..."

"ಇದೆ," ಎಂದ, ಅವಳ ಮಾತು ಮುಗಿಯುವ ಮೊದಲೇ. ಆಮೇಲೆ ಹೊರಗಿನವರಿಗೂ ಕೇಳುವಂತೆ, "ಮಲ್ಲಿ ಅಕ್ಕಾ, ಇವಳು ರಾಣಿ. ನಾನು ಮದುವೆ ಆಗೋ ಹುಡುಗಿ!"

ಮಲ್ಲಿ ಅಕ್ಕ ಅವಳನ್ನು ಅಡಿಯಿಂದ ಮುಡಿವರೆಗೆ ನೋಡಿದಳು. "ಹಂಗಾದ್ರೆ ಸುಮ್ನೆ ನಿಂತಿದ್ದೀಯಲ್ಲಮ್ಮಾ! ಬಾ, ಚೀಲಕ್ಕೊಂದು ಕೈ ಹಾಕು."

ಶೋಭಾರಾಣಿ ದುಪಟ್ಟ ಸೊಂಟಕ್ಕೆ ಬಿಗಿದು ಚೀಲ ಎತ್ತಿದಳು. ಎಲೆ ನಿಜಕ್ಕೂ ಬೆಚ್ಚಗಿತ್ತು.