ಎಡಗೈ ರೊಟ್ಟಿ

ಹೇಮಂತನ ಡಬ್ಬಿಯಲ್ಲಿದ್ದ ರೊಟ್ಟಿ ಅವನ ಅವ್ವ ಬಡಿದದ್ದಲ್ಲ. ನೋಡಿದ ಕೂಡಲೇ ಗೊತ್ತಾಯಿತು. ಅವ್ವನದು ತೆಳ್ಳಗೆ, ದುಂಡಗೆ; ಇದರ ಅಂಚೆಲ್ಲ ಸೊಟ್ಟ.

ಗುಡಗೇರಿ ಸ್ಟೇಷನ್ ರಸ್ತೆಯಲ್ಲಿ ನನ್ನದು ಝೆರಾಕ್ಸ್ ಅಂಗಡಿ, ಬಾಜು ಅವನದು ಮೋಟರ್ ರಿಪೇರಿ. ಮಧ್ಯಾಹ್ನ ನನ್ನ ಟೇಬಲ್ ಮೇಲೆ ಇಬ್ಬರ ಡಬ್ಬಿಯೂ ಬಿಚ್ಚುತ್ತೇವೆ. ಊರಿಗೆಲ್ಲ ನಾನು 'ಡಿಟೆಕ್ಟಿವ್ ನಂದಾ'. ಕುಬೇರಪ್ಪ ಕಾಕಾನ ಕಳೆದುಹೋದ ಎಮ್ಮೆ ಹುಡುಕಿಕೊಟ್ಟವಳು ನಾನು. ಬೋರ್‌ವೆಲ್ ಕೇಬಲ್ ಕದ್ದವನನ್ನು ಅವನ ಚಪ್ಪಲಿಗೆ ಅಂಟಿದ್ದ ಕೆಂಪು ಮಣ್ಣಿನಿಂದ ಹಿಡಿದವಳೂ ನಾನೇ. ನಮ್ಮ ಕಡೆ ಎಲ್ಲಾ ಕಪ್ಪು ಎರಿ ಮಣ್ಣು, ನೋಡಿ.

"ಯಾರು ಬಡದಾರ ಇದನ್ನ?"

"ಯಾರರೆ ಬಡೀಲಿ, ತಿನ್ನಾಕ ಬರತೈತಿಲ್ಲೋ?" ಎಂದ. ಕಣ್ಣು ಮಾತ್ರ ನನ್ನ ಕಡೆ ಎತ್ತಲಿಲ್ಲ. ಕಿವಿ ಕೆಂಪಾಗಿತ್ತು.

ಆ ಕಿವಿಯ ಗುಟ್ಟು ನನಗೆ ಗೊತ್ತು. ಎಳ್ಳ ಅಮಾವಾಸ್ಯೆಯ ದಿನ ಹೊಲದಲ್ಲಿ ಭೂತಾಯಿಗೆ ನೈವೇದ್ಯದ ಚರಗ ಚೆಲ್ಲಿ ಎಲ್ಲರೂ ಊಟಕ್ಕೆ ಕೂತಾಗ ಹೀಗೇ ಕೆಂಪಾಗಿತ್ತು. "ನಮ್ಮನಿಗೆ ಸೊಸಿಯಾಗಿ ಬರ್ತಿಯೇನ?" ಎಂದು ಮೆಲ್ಲಗೆ ಕೇಳಿದ್ದ. ನನಗೋ ನಾಚಿಕೆ. ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ: "ದಿನಾ ನಸುಕಿನ್ಯಾಗ ಎದ್ದು ರೊಟ್ಟಿ ಬಡಿಯೋ ನೌಕರಿ ನನಗ ಬ್ಯಾಡಪಾ."

ಅಂದಿನಿಂದ ಅವನು ಆ ಮಾತೇ ಎತ್ತಿರಲಿಲ್ಲ. ಇನ್ನೊಮ್ಮೆ ಕೇಳಿದರೆ ಹೂಂ ಅನ್ನಬೇಕೆಂದು ನಾನು ದಿನಾ ಕಾಯುತ್ತಿದ್ದೆ. ಈಗ ನೋಡಿದರೆ ಯಾವಳೋ ರೊಟ್ಟಿ ಬಡಿದು ಕಳಿಸುತ್ತಿದ್ದಾಳೆ!

ಗಿರಾಕಿ ಕರೆದನೆಂದು ಅವನು ಸ್ಕ್ರೂಡ್ರೈವರನ್ನು ಎಡಗೈಯಲ್ಲಿ ತಿರುಗಿಸುತ್ತ ಎದ್ದುಹೋದ. ನಾನು ಅವನ ಡಬ್ಬಿಯ ಅರ್ಧ ರೊಟ್ಟಿಯನ್ನು ಪೇಪರಿನಲ್ಲಿ ಸುತ್ತಿ ಡ್ರಾಯರ್‌ಗೆ ಹಾಕಿದೆ. ಸಾಕ್ಷಿ ಬೇಕಲ್ಲ.

ಸಂಜೆ ಟ್ಯೂಬ್‌ಲೈಟ್ ಕೆಳಗೆ ಹಿಡಿದು ನೋಡಿದೆ. ಬೆರಳಿನ ಗುರುತುಗಳೆಲ್ಲ ಉಲ್ಟಾ ದಿಕ್ಕಿಗೆ ವಾಲಿದ್ದವು. ಎಡಗೈ! ನಮ್ಮೂರಲ್ಲೂ ಎಡಗೈ ಹುಡುಗಿಯರಿದ್ದಾರೆ. ಆದರೆ ರೊಟ್ಟಿ ಕಲಿಸುವಾಗ ಅವ್ವಂದಿರು ಆ ಕೈಗೆ ಎರಡು ಏಟು ಹಾಕಿ ಬಲಗೈಯನ್ನೇ ರೂಢಿ ಮಾಡಿಸುತ್ತಾರೆ. ಅಂದರೆ ಇವಳು ಏಟು ತಿನ್ನದವಳು, ಹೊರಗಿನವಳು.

ಮರುದಿನ ಆಸ್ಪತ್ರೆಯ ಹೊಸ ನರ್ಸ್ ಮಹಾಲಕ್ಷ್ಮಿ ಝೆರಾಕ್ಸ್‌ಗೆ ಬಂದಳು. ತುಮಕೂರು ಕಡೆಯವಳು. ಕಾಪಿಯ ಮೇಲೆ ಸಹಿ ಮಾಡಿದಳು, ಎಡಗೈಯಲ್ಲಿ. ಹಸಿರು ಗಾಜಿನ ಬಳೆಗಳು ಗಲ್ ಎಂದವು.

"ರೊಟ್ಟಿ ಬಡಿಯಾಕ ಬರತೈತೇನ್ರಿ ನಿಮಗ?"

"ನೋಡಿ ನೋಡಿ ಕಲೀತಾ ಇದ್ದೀನಿ. ನಮ್ ಬಾಡಿಗೆ ಮನೆ ಓನರ್ ಬಾಷಾಬಿ ಮನೇಲಿ ದಿನಾ ಸಾಯಂಕಾಲ ರೊಟ್ಟಿ ಕ್ಲಾಸೇ ನಡೆಯುತ್ತಲ್ಲಾ!" ನಕ್ಕಳು. ಕೆನ್ನೆಯಲ್ಲಿ ಗುಳಿ ಬೇರೆ.

ಅವಳ ಝೆರಾಕ್ಸನ್ನು ಬೇಕಂತಲೇ ಸೊಟ್ಟ ತೆಗೆದುಕೊಟ್ಟೆ.

ಆ ಸಂಜೆ ಹೇಮಂತ ಅಂಗಡಿ ಮುಚ್ಚಿ, ಜೋಳದ ಹಿಟ್ಟಿನ ಚೀಲ ಹಿಡಿದು, ಮನೆಯ ದಾರಿ ಬಿಟ್ಟು ಬಾಷಾಬಿಯ ಓಣಿಗೆ ಹೊರಳಿದ. ನಾನು ಹಿಂದೆಯೇ ಹೋದೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ಬಂತು. ನನ್ನ ಕಣ್ಣಲ್ಲಿ ನೀರು ಬಂತು. ಯಾರದೋ ಎಮ್ಮೆ ಹುಡುಕುತ್ತ ಕೂತು ನನ್ನವನನ್ನೇ ಕಳೆದುಕೊಂಡೆನಲ್ಲ!

ಅಳುತ್ತಲೇ ಕಿವಿಗೊಟ್ಟೆ. ಟಪ್ ಟಪ್ ಸಪ್ಪಳವಿತ್ತು, ಬಳೆ ಸದ್ದಿರಲಿಲ್ಲ. ಅಷ್ಟು ಬಳೆ ತೊಟ್ಟವಳು ಬಳೆ ಸದ್ದಿಲ್ಲದೆ ರೊಟ್ಟಿ ಬಡಿಯುವುದು ಹೇಗೆ?

ಬಾಗಿಲು ದೂಡಿದೆ.

ಮಹಾಲಕ್ಷ್ಮಿ ಗೋಡೆಗೊರಗಿ ಚಹಾ ಕುಡಿಯುತ್ತಿದ್ದಳು. ಒಲೆಯ ಮುಂದೆ ಹೇಮಂತ, ಹುಬ್ಬಿನವರೆಗೂ ಹಿಟ್ಟು. ಬಾಷಾಬಿ ಚಮಚೆ ಎತ್ತಿ ಬೈಯುತ್ತಿದ್ದಳು: "ಎಷ್ಟ ಸಲ ಹೇಳೂದಪಾ, ಎಡಗೈ ಬಿಡು!"

ಊರಿನ ಎಡಗೈ ಹೆಂಗಸರನ್ನೆಲ್ಲ ನೆನೆಸಿದ್ದೆ. ಗಂಡಸೊಬ್ಬ ರೊಟ್ಟಿ ಬಡಿದಾನು ಎಂಬುದು ಡಿಟೆಕ್ಟಿವ್ ತಲೆಗೆ ಬಂದಿರಲೇ ಇಲ್ಲ. ಹುಡುಗರಿಗೆ ಯಾರು ರೊಟ್ಟಿ ಕಲಿಸುತ್ತಾರೆ, ಅವರ ಎಡಗೈಗೆ ಯಾರು ಏಟು ಹಾಕುತ್ತಾರೆ?

"ಏನಿದು ನಿನ್ನ ಅವತಾರ?" ಎಂದೆ.

"ರೊಟ್ಟಿ ಬಡಿಯೋ ನೌಕರಿ ಬ್ಯಾಡಂತ ನೀನ ಅಂದಿದ್ದೆಲ್ಲಾ. ಅದಕ ನಾನ ಆ ನೌಕರಿ ಹಿಡದೀನಿ. ಛಂದಗ ಬರೂತನಕ ನಿನ್ನ ಮತ್ತ ಕೇಳಬಾರದಂತ ಸುಮ್ನಿದ್ದೆ."

"ಮತ್ತ ಡಬ್ಬಿಯೊಳಗ ಯಾಕ ತಂದಿ?"

"ನೀ ತಿಂತಿಯೋ ಇಲ್ಲೋ ನೋಡಾಕ. ತಿನ್ನಲಿಲ್ಲ ನೀ. ಅರ್ಧ ಕದ್ದಿ."

ನಾನು ಸೆರಗಿನಿಂದ ಮುಖ ಮುಚ್ಚಿಕೊಂಡೆ. "ಓ, ನನ್ನ ಝೆರಾಕ್ಸ್ ಸೊಟ್ಟ ಬಂದಿದ್ದು ಇದಕ್ಕೇನಾ!" ಎಂದು ಮಹಾಲಕ್ಷ್ಮಿ ಬಿದ್ದು ಬಿದ್ದು ನಕ್ಕಳು.

ಅವನ ಪಕ್ಕ ಕೂತೆ. ಹಂಚಿನ ಮೇಲಿನ ರೊಟ್ಟಿ ಒಂದು ಕಡೆ ಹೊತ್ತಿತ್ತು, ಒಂದು ಕಡೆ ಹಸಿ. ಮುರಿದು ಬಾಯಿಗಿಟ್ಟೆ. ಅವನು ಉಸಿರು ಬಿಡದೆ ನನ್ನ ಮುಖವನ್ನೇ ನೋಡುತ್ತಿದ್ದ.

"ಹೆಂಗೈತಿ?"

"ಅಗದಿ ಕೆಟ್ಟೈತಿ," ಎಂದೆ. "ನಾಳೆ ನಿಮ್ಮ ಅವ್ವನ್ನ ನಮ್ಮನಿಗೆ ಕಳಸು. ಮತ್ತ ಇಲ್ಲಿ ಕೇಳು, ಈ ಎಡಗೈ ರೊಟ್ಟಿ ನಾ ಬಿಟ್ಟು ಬ್ಯಾರೆ ಯಾರೂ ತಿನ್ನಬಾರದು."

ಮಹಾಲಕ್ಷ್ಮಿ ರೊಟ್ಟಿ ಬುಟ್ಟಿಗೆ ಚಾಚಿದ್ದ ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡಳು.