ಮನೇಲಿ ಎಷ್ಟು ಜನ ಇದ್ದೀರಿ?

ಒಲೆಯ ಮೇಲೆ ಹಾಲಿಟ್ಟು ಇದನ್ನು ಬರೆಯುತ್ತಿದ್ದೇನೆ. ಮೊನ್ನೆ ಮಧ್ಯಾಹ್ನ ಮಗಳನ್ನು ಮಲಗಿಸಿ, ಕಣ್ಣು ಎಳೆಯುತ್ತಿದ್ದರೂ ಬಟ್ಟೆ ಮಡಚುತ್ತಿದ್ದೆ. ಹೊರಗಿನಿಂದ ಚಿಲಕ ಹಾಕಿದ್ದ ಬಚ್ಚಲಲ್ಲಿ ಯಾರೋ ಮೆಲ್ಲಗೆ ಕೆಮ್ಮಿದರು. ಬಾಗಿಲು ಮುಟ್ಟಿದರೆ ಕೈ ಮರಗಟ್ಟುವಷ್ಟು ತಣ್ಣಗಿತ್ತು. ಮಗಳನ್ನೆತ್ತಿಕೊಂಡು ಬೀದಿಗೆ ಓಡಿ ಪೊಲೀಸರಿಗೆ ಫೋನ್ ಮಾಡಿದೆ.

“ಮೊದ್ಲು ವಿಳಾಸ ಹೇಳಿ ತಾಯಿ, ಅಳೋದು ಆಮೇಲೆ,” ಎಂದಳು ಫೋನೆತ್ತಿದಾಕೆ. ಹೇಳಿದೆ.

“ಮನೇಲಿ ಎಷ್ಟು ಜನ ಇದ್ದೀರಿ?”

“ಇಬ್ಬರೇ. ನಾನು, ನನ್ನ ಮಗಳು.”

ಬಂದ ಪೇದೆ ಮನೆಯೆಲ್ಲ ಜಾಲಾಡಿದ. ಬಚ್ಚಲು ಖಾಲಿಯಿತ್ತು. ಫೋನಿನಲ್ಲಿ ನಾನು ಹೇಳಿದಷ್ಟು ಜನರನ್ನು ಕಣ್ಣಾರೆ ಕಂಡೇ ಅವನು ಹೊರಡಬೇಕಂತೆ.

“ಇನ್ನೊಂದು ಮಗು ಎಲ್ಲಿದೆಯಮ್ಮ?”

“ನನಗಿರೋದು ಇವಳೊಬ್ಬಳೇ.”

ಸಂಜೆ ಠಾಣೆಯಲ್ಲಿ ಆ ಕರೆಯ ರೆಕಾರ್ಡ್ ಕೇಳಿಸಿದರು. ನನ್ನದೇ ದಣಿದ ದನಿ.

“ಮೂವರು. ನಾನು, ನನ್ನಿಬ್ಬರು ಹೆಣ್ಣುಮಕ್ಕಳು. ಸಣ್ಣವಳು ಬಚ್ಚಲಲ್ಲೇ ಇದ್ದಾಳೆ, ಬೇಗ ಬನ್ನಿ.”