ಜಾಮಿಟ್ರಿ ಬಾಕ್ಸಿನ ಚೀಟಿ

ಅಪ್ಪ ಎಡಗೈಯಲ್ಲೊಂದು, ಬಲಗೈಯಲ್ಲೊಂದು ಲ್ಯಾಪ್‌ಟಾಪ್ ಹಿಡಿದು ನಿಂತಿದ್ದ. ಎರಡನ್ನೂ ಮೆಲ್ಲಗೆ ಮೇಲೆ ಕೆಳಗೆ ಆಡಿಸಿ ತೂಕ ನೋಡಿದ. ಆಮೇಲೆ ಎಡಗೈಯಲ್ಲಿದ್ದದ್ದನ್ನು ಕಿವಿಯ ಹತ್ತಿರ ತಂದ.

"ಅಲ್ಲಾಡಿಸ್ಬೇಡಿ ಕೆಂಚಪ್ಪನೋರೆ," ಎಂದು ನವಾಜ್ ಕೌಂಟರಿನ ಆಚೆಯಿಂದ ಕೈ ಚಾಚಿದ. ತಿಪಟೂರಿನ ಆ ಕಂಪ್ಯೂಟರ್ ಅಂಗಡಿ ಅವನದೇ. "ಅದು ಕಾಯಿ ಅಲ್ಲ ಕಣ್ರೀ."

ನಯನ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು. ಅಪ್ಪನಿಗೂ ನಗು ಬಂತು. ಅವನಾದರೂ ಏನು ಮಾಡಿಯಾನು? ಹುಟ್ಟಿದಾಗಿನಿಂದ ತೆಂಗಿನ ತೋಟದಲ್ಲೇ ಬೆಳೆದವನು. ಹಸಿ ಕಾಯಿಯಾದರೆ ಕೈಯಲ್ಲಿ ತೂಗಿ ನೋಡುವುದು, ಭಾರ ಇದ್ದರೆ ಒಳ್ಳೆಯದು. ಅಟ್ಟದ ಮೇಲೆ ವರ್ಷ ಕಳೆದ ಕಾಯಿಯಾದರೆ ಕಿವಿಯ ಹತ್ತಿರ ಅಲ್ಲಾಡಿಸುವುದು. ಒಳಗೆ ಕೊಬ್ಬರಿ ಲೊಟಲೊಟ ಅಂದರೆ ಒಣಗಿದೆ ಎಂದು ಲೆಕ್ಕ. ಬೇರೆ ಪರೀಕ್ಷೆ ಅವನಿಗೆ ಗೊತ್ತಿರಲಿಲ್ಲ.

ಇದು 2008ರ ಮಾತು. ಅರಳಗುಪ್ಪೆಯ ಅವರ ಬೀದಿಯಲ್ಲಿ ಆಗಿನ್ನೂ ಯಾರ ಮನೆಗೂ ಲ್ಯಾಪ್‌ಟಾಪ್ ಬಂದಿರಲಿಲ್ಲ.

"ಈ ಟೈಗಾನು ಒಳ್ಳೆ ತೂಕ ಐತೆ," ಎಂದ ಅಪ್ಪ. "ಈ ಪಿನೋರಾ ನೋಡಿದ್ರೆ ಹಗುರ. ಹಗುರದ್ದಕ್ಕೆ ಮೂವತ್ತೆರಡು ಸಾವಿರ, ಭಾರದ್ದಕ್ಕೆ ಇಪ್ಪತ್ತಾರು. ಇದೆಂಥ ನ್ಯಾಯ ಸಾಹೇಬ್ರೆ?"

"ಭಾರ ಇದ್ರೆ ಮಗಳು ತಾನೇ ಹೊತ್ಕೊಂಡು ಓಡಾಡ್ಬೇಕು?" ಎಂದ ನವಾಜ್. "ಮತ್ತೆ ಬ್ಯಾಟರಿ ವಿಷಯದಲ್ಲಿ ಪಿನೋರಾನೇ ಮುಂದೆ. ಟೈಗಾನೂ ಓಡುತ್ತೆ, ಸುಳ್ಳು ಹೇಳಲ್ಲ. ಎಷ್ಟು ದಿನ ಓಡುತ್ತೆ ಅಂತ ಮಾತ್ರ ಕೇಳ್ಬೇಡಿ."

ಲ್ಯಾಪ್‌ಟಾಪ್ ಬೇಕಾಗಿದ್ದದ್ದು ಗಂಗಕ್ಕನಿಗೆ. ಹೊನ್ನಗಂಗ ಅಂತ ಹೆಸರು, ನಯನಳ ಒಬ್ಬಳೇ ಅಕ್ಕ. ತಿಪಟೂರಿನಲ್ಲೇ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ, ಕೊನೇ ವರ್ಷ. ಆ ದಿನ ಅವಳಿಗೆ ಕಾಲೇಜಿನಲ್ಲಿ ಟೆಸ್ಟ್ ಇತ್ತು. ಇನ್ನೊಂದು ದಿನ ಬರೋಣ ಎಂದರೆ ಅಪ್ಪ ಒಪ್ಪಿರಲಿಲ್ಲ. ಬೆಳಿಗ್ಗೆ ಮಾರ್ಕೆಟ್ಟಿನಲ್ಲಿ ಕೊಬ್ಬರಿ ಮಾರಿದ ದುಡ್ಡು ಇನ್ನೂ ಜೇಬಿನಲ್ಲಿತ್ತು. "ಮಾರಿದ ದುಡ್ಡು ಮನೆ ಹೊಸ್ಲು ದಾಟಿದ್ರೆ ಹತ್ತು ಖರ್ಚು ಬಾಯಿ ತೆರ್ಕೊಂಡು ಕೂತಿರ್ತವೆ," ಎಂದಿದ್ದ.

ಅದಕ್ಕೇ ಗಂಗಕ್ಕ ಬಸ್ಸು ಹತ್ತುವ ಮುಂಚೆ ನಯನಳ ಕೈಗೆ ಒಂದು ಚೀಟಿ ಕೊಟ್ಟಿದ್ದಳು. "ಅಪ್ಪನ ಜೇಬಲ್ಲಿಟ್ರೆ ಎಲೆ ಅಡಿಕೆ ಜೊತೆ ಬಾಯಿಗೆ ಹೋಯ್ತದೆ. ನಿನ್ನತ್ರ ಇರ್ಲಿ ಕಣೇ. ಅಂಗಡೀಲಿ ಅಪ್ಪಂಗೆ ತೋರ್ಸು," ಎಂದಿದ್ದಳು.

ಚೀಟಿ ನಯನಳ ಫ್ರಾಕಿನ ಜೇಬಿನಲ್ಲಿತ್ತು. ಅದರಲ್ಲಿ ಏನಿದೆ ಎಂದು ಅವಳು ದಾರಿಯಲ್ಲೇ ಎರಡು ಸಲ ಓದಿದ್ದಳು.

ತೋರಿಸೋಣ ಎಂದು ಜೇಬಿಗೆ ಕೈ ಹಾಕಿದಳು. ಅಷ್ಟರಲ್ಲಿ ಅಪ್ಪ ಟೈಗಾನನ್ನು ಮೆಲ್ಲಗೆ ಕೌಂಟರಿನ ಮೇಲಿಟ್ಟು, ನಗುತ್ತ, "ಆರು ಸಾವಿರ ಉಳೀತದೆ. ನಮ್ಮ ನಯನಿಗೆ ಒಂದು ಸೈಕಲ್ ತಂದು ಇನ್ನೂ ಮಿಕ್ಕೋದು ನೋಡು," ಎಂದ.

ನಯನಳ ಕೈ ಜೇಬಿನಲ್ಲೇ ನಿಂತಿತು.

ಅವಳ ಕ್ಲಾಸಿನ ನಿಖತ್ ಸೈಕಲ್ ತಂದಾಗಿನಿಂದ ನಯನ ಊಟದಲ್ಲೂ ನಿದ್ದೆಯಲ್ಲೂ ಸೈಕಲ್ ಜಪವೇ ಮಾಡುತ್ತಿದ್ದಳು. ಸ್ಕೂಲು ಬಿಟ್ಟ ಮೇಲೆ ನಿಖತ್ ಹಿಂದೆ ಓಡಿ ಓಡಿ, ಒಂದು ರೌಂಡ್ ಕೊಡೇ ಎಂದು ಬೇಡಿ ಬೇಡಿ ಸಾಕಾಗಿತ್ತು.

"ನಿಮ್ಮಕ್ಕ ಏನಂದ್ಲು?" ಅಪ್ಪ ಕೇಳಿದ. "ಯಾವ್ದು ಅಂತ ಹೇಳಿ ಕಳ್ಸಿರ್ಬೇಕಲ್ಲ?"

ನವಾಜ್ ಕೂಡ ಅವಳ ಮುಖವನ್ನೇ ನೋಡುತ್ತಿದ್ದ. ಜೇಬಿನೊಳಗೆ ಚೀಟಿ ಬೆರಳಿಗೆ ತಾಗುತ್ತಿತ್ತು.

"ಯಾವ್ದಾದ್ರೂ ಆಯ್ತು ಅಂದ್ಲು," ಎಂದಳು ನಯನ.

"ಓದಿದೋಳೇ ಹಂಗಂದ ಮ್ಯಾಲೆ ನಮ್ಮದೇನು? ಟೈಗಾನೇ ಕೊಡಿ ಸಾಹೇಬ್ರೆ," ಎಂದ ಅಪ್ಪ. ನವಾಜ್ ಬಾಕ್ಸ್ ಕಟ್ಟಿದ.

ಸಂಜೆ ಲ್ಯಾಪ್‌ಟಾಪ್ ಬಸ್ಸಿನ ಒಳಗೆ, ಕೆಂಪು ಸೈಕಲ್ ಬಸ್ಸಿನ ಟಾಪ್ ಮೇಲೆ, ಹೀಗೆ ಎರಡೂ ಊರಿಗೆ ಬಂದವು.

ಗಂಗಕ್ಕ ಜಗಲಿಯಲ್ಲೇ ಕಾದಿದ್ದಳು. ಬಾಕ್ಸಿನ ಮೇಲಿನ ಹೆಸರು ನೋಡಿದವಳೇ ಹಾಗೇ ನಿಂತಳು.

"ಯಾವ್ದಾದ್ರೂ ಆಯ್ತು ಅಂದಿದ್ಯಂತಲ್ಲ, ಒಳ್ಳೆ ತೂಕದ್ದೇ ತಂದಿವ್ನಿ," ಎಂದ ಅಪ್ಪ. ಅವನ ಮುಖದಲ್ಲಿ ಹಬ್ಬದ ಕಳೆ ಇತ್ತು.

ಗಂಗಕ್ಕ ನಯನಳ ಕಡೆ ನೋಡಿದಳು. ನಯನ ಸೈಕಲ್ಲಿನ ಬೆಲ್ಲನ್ನು ನೋಡುತ್ತಿದ್ದಳು.

"ಹೂಂ ಅಪ್ಪ, ಅಂದಿದ್ದೆ," ಎಂದಳು ಗಂಗಕ್ಕ.

ಬೈದಿದ್ದರೆ ಅವತ್ತೇ ಅತ್ತು ಮುಗಿದುಹೋಗುತ್ತಿತ್ತು. ಗಂಗಕ್ಕ ಬೈಯಲಿಲ್ಲ, ಚೀಟಿ ಎಲ್ಲಿ ಎಂದೂ ಕೇಳಲಿಲ್ಲ. ನಯನ ಚೀಟಿಯನ್ನು ಎಸೆಯಲು ಎರಡು ಸಲ ಹೊರಟಳು. ಕೈ ಬರಲಿಲ್ಲ. ಮಡಿಸಿ ಜಾಮಿಟ್ರಿ ಬಾಕ್ಸಿನ ತಳದಲ್ಲಿ, ಪ್ರೊಟ್ರ್ಯಾಕ್ಟರಿನ ಕೆಳಗೆ ಇಟ್ಟಳು.

ದಿನಾ ಬೆಳಿಗ್ಗೆ ಗಂಗಕ್ಕ ಲ್ಯಾಪ್‌ಟಾಪ್ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು, ಒಂದು ಕಡೆ ವಾಲಿಕೊಂಡು ಬಸ್ ಸ್ಟಾಪಿಗೆ ನಡೆಯುತ್ತಿದ್ದಳು. ನಯನ ಬೆಲ್ ಹೊಡೆಯುತ್ತ ಸೈಕಲ್ಲಿನಲ್ಲಿ ಅವಳನ್ನು ದಾಟಿಕೊಂಡು ಸ್ಕೂಲಿಗೆ ಹೋಗುತ್ತಿದ್ದಳು. ಮೊದಮೊದಲು ಹಿಂದಿರುಗಿ ನೋಡುತ್ತಿದ್ದಳು. ಆಮೇಲೆ ಅಕ್ಕನನ್ನು ದಾಟುವಾಗ ಜೋರಾಗಿ ಪೆಡಲ್ ತುಳಿಯುವುದನ್ನು ಕಲಿತಳು.

ಗಂಗಕ್ಕನ ಪ್ರಾಜೆಕ್ಟ್ ಏನು ಗೊತ್ತೇ? ಅಪ್ಪ ಕಿವಿಯಿಂದ ಮಾಡುವ ಕೆಲಸವನ್ನು ಲ್ಯಾಪ್‌ಟಾಪಿನಿಂದ ಮಾಡಿಸುವುದು. ಮರದ ಹಲಗೆಯ ಮೇಲೆ ಕಾಯಿ ಇಟ್ಟು, ಪಕ್ಕದಲ್ಲಿ ಒಂದು ಪುಟ್ಟ ಮೈಕ್ ಇಟ್ಟು, ಕಾಯಿಗೆ ಮೆಲ್ಲಗೆ ಒಂದು ಏಟು. ಶಬ್ದ ಸ್ಕ್ರೀನಿನ ಮೇಲೆ ಗೆರೆಯಾಗಿ ಬರುತ್ತಿತ್ತು. ಹಸಿ ಕಾಯಿಗೆ ಗೆರೆ ಸುಮ್ಮನೆ ಮಲಗುತ್ತಿತ್ತು, ಒಣಗಿದ ಕಾಯಿಗೆ ಕುಣಿಯುತ್ತಿತ್ತು. ಒಡೆಯದೆಯೇ ಒಳಗೆ ಹೇಗಿದೆ ಎಂದು ಹೇಳಬಹುದಿತ್ತು.

ಅಪ್ಪನಿಗೆ ಇದು ಭಾರಿ ಮೋಜು. ಅಟ್ಟದಿಂದ ಕಾಯಿ ತಂದು, ಮೊದಲು ತಾನು ಅಲ್ಲಾಡಿಸಿ ಹೇಳುವನು, ಆಮೇಲೆ ಲ್ಯಾಪ್‌ಟಾಪ್ ಹೇಳುವುದು. "ನಿನ್ನ ಮಿಷನ್ನು ನನ್ನ ಕಿವಿ ಕದ್ದೈತೆ ಕಣವ್ವ," ಎನ್ನುವನು. ಕಾಯಿಗೆ ಏಟು ಹಾಕುವ ಕೆಲಸ ನಯನಳದು. ಗಂಗಕ್ಕ ಅವಳನ್ನು "ನನ್ನ ಅಸಿಸ್ಟೆಂಟ್" ಎಂದು ಕರೆಯುತ್ತಿದ್ದಳು. ಹಾಗೆ ಕರೆದಾಗಲೆಲ್ಲ ನಯನ ಅಕ್ಕನ ಮುಖ ನೋಡದೆ ಕಾಯಿಗೆ ಇನ್ನೊಂದು ಏಟು ಹಾಕುತ್ತಿದ್ದಳು.

ಬ್ಯಾಟರಿ ಮೊದಲು ಒಂದು ಗಂಟೆ ಬರುತ್ತಿತ್ತು. ದೀಪಾವಳಿಗೆ ಅರ್ಧ ಗಂಟೆಯಾಯಿತು. ಯುಗಾದಿಯ ಹೊತ್ತಿಗೆ ವೈರ್ ಕಿತ್ತರೆ ಸಾಕು, ಟೈಗಾನ್ ಕಣ್ಣು ಮುಚ್ಚುತ್ತಿತ್ತು. ಹೊಸ ಬ್ಯಾಟರಿಗೆ ಐದು ಸಾವಿರ ಎಂದು ನವಾಜ್ ಹೇಳಿದ. ಗಂಗಕ್ಕ ಅಪ್ಪನಿಗೆ ಹೇಳಲಿಲ್ಲ. "ಕಾಲೇಜಲ್ಲಿ ಕರೆಂಟ್ ಇರ್ತದೆ ಬುಡು," ಎಂದು ನಯನಳಿಗಷ್ಟೇ ಹೇಳಿದಳು.

ಏಪ್ರಿಲ್‌ನಲ್ಲಿ ಪ್ರಾಜೆಕ್ಟ್ ತೋರಿಸುವ ದಿನ ಬಂತು. ನಯನಳಿಗೆ ಬೇಸಿಗೆ ರಜ. ಎಂಟು ಕಾಯಿ ತುಂಬಿದ ಚೀಲ ಹಿಡಿದು ಅವಳೂ ಅಕ್ಕನ ಜೊತೆ ಹೋದಳು. ತುಮಕೂರಿನಿಂದ ಒಬ್ಬರು ಸರ್ ಬಂದಿದ್ದರು. ಎಲ್ಲಕ್ಕಿಂತ ಚೆನ್ನಾಗಿರುವ ಎರಡು ಪ್ರಾಜೆಕ್ಟ್‌ಗಳನ್ನು ಬೆಂಗಳೂರಿನ ಪ್ರದರ್ಶನಕ್ಕೆ ಕಳಿಸುತ್ತಾರಂತೆ. ಅದರಲ್ಲೊಂದು ನಿನ್ನದೇ ಎಂದು ಗಂಗಕ್ಕನ ಮೇಡಂ ಮೊದಲೇ ಹೇಳಿದ್ದರು.

ಗಂಗಕ್ಕನ ಸರದಿ ಬಂತು. ನಯನ ಮೊದಲ ಕಾಯಿಯನ್ನು ಹಲಗೆಯ ಮೇಲೆ ಇಟ್ಟಳು. ಸ್ಕ್ರೀನಿನ ಮೇಲೆ ಗೆರೆ ಕುಣಿಯಿತು. ತುಮಕೂರಿನ ಸರ್ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. "ಇಂಟರೆಸ್ಟಿಂಗ್. ಎಲ್ಲಿ, ಹಸಿ ಕಾಯಿ ಇಡಿ ನೋಡೋಣ," ಎಂದರು.

ನಯನ ಹಸಿ ಕಾಯಿ ಎತ್ತಿಕೊಂಡಳು. ಆಗ ತಲೆಯ ಮೇಲಿನ ಫ್ಯಾನ್ ನಿಧಾನವಾಯಿತು. ಟೈಗಾನ್ ಕಪ್ಪಗಾಯಿತು.

ಐದು ನಿಮಿಷ ಕಾದರು. ಹತ್ತು ನಿಮಿಷವಾಯಿತು. ಕಾಲೇಜಿನ ಜನರೇಟರ್ ಕೆಟ್ಟು ಎಷ್ಟೋ ದಿನವಾಗಿತ್ತು. ಗಂಗಕ್ಕ ಸ್ಕ್ರೀನ್ ಇಲ್ಲದೆಯೇ ಬಾಯಲ್ಲಿ ಹೇಳತೊಡಗಿದಳು. ಗೆರೆ ಹೀಗೆ ಬರುತ್ತೆ ಸರ್, ಹಾಗೆ ಬರುತ್ತೆ ಸರ್ ಎಂದು ಗಾಳಿಯಲ್ಲಿ ಬೆರಳಾಡಿಸಿದಳು.

"ನೋಡದೆ ಹೇಗಮ್ಮ ಮಾರ್ಕ್ಸ್ ಹಾಕಲಿ?" ಎಂದರು ಸರ್. ಬೈದದ್ದಲ್ಲ, ಅವರಿಗೂ ಬೇಜಾರಾಗಿತ್ತು. "ಇನ್ನೂ ಹನ್ನೊಂದು ಜನ ಇದ್ದಾರೆ. ನೆಕ್ಸ್ಟ್ ಯಾರು?"

ಮುಂದಿನ ಹುಡುಗ ತನ್ನ ಲ್ಯಾಪ್‌ಟಾಪ್ ತಂದು ಅದೇ ಮೇಜಿನ ಮೇಲಿಟ್ಟ. ಕರೆಂಟ್ ಇಲ್ಲದೆಯೂ ಅವನದು ಓಡುತ್ತಲೇ ಇತ್ತು. ಮುಚ್ಚಳದ ಮೇಲೆ ಪಿನೋರಾ ಎಂದು ಬರೆದಿತ್ತು. ನಯನ ಅದನ್ನು ಒಂದೇ ಸಲ ನೋಡಿ, ಹಸಿ ಕಾಯಿಯನ್ನು ಚೀಲಕ್ಕೆ ಹಾಕಿದಳು.

ಗಂಗಕ್ಕ ಪಾಸಾದಳು. ಬೆಂಗಳೂರಿಗೆ ಬೇರೆ ಇಬ್ಬರ ಪ್ರಾಜೆಕ್ಟ್ ಆರಿಸಿದರು. ಕರೆಂಟ್ ಬಂದದ್ದು ಸರ್ ಹೊರಟ ಮೇಲೆ.

ಆ ಸಂಜೆ ಅಪ್ಪ ತಟ್ಟೆಯ ಮುಂದೆ ಕುಳಿತು ಮುದ್ದೆ ಮುರಿಯಲೇ ಇಲ್ಲ. "ಎಲ್ಲಾ ನನ್ನಿಂದ್ಲೇ ಆಗಿದ್ದು," ಎಂದ. "ಕಾಯಿ ನೋಡ್ದಂಗೆ ತೂಕ ನೋಡಿ ತಂದ್ನಲ್ಲ. ಆ ಸಾಹೇಬ್ರು ಹೇಳಿದ್ರು, ಬ್ಯಾಟರಿ ಬ್ಯಾಟರಿ ಅಂತ. ನನ್ನ ಮಂಡೆಗೆ ಹತ್ತಲಿಲ್ಲ. ಮಗಳ ವಿದ್ಯೆ ನಾನೇ ಹಾಳು ಮಾಡ್ದೆ."

"ಹಂಗನ್ಬೇಡ ಬುಡಪ್ಪ," ಎಂದಳು ಗಂಗಕ್ಕ. "ನಾನೇ ತಾನೇ ಯಾವ್ದಾದ್ರೂ ಆಯ್ತು ಅಂದಿದ್ದು."

ನಯನ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಬಿಟ್ಟಳು. ಅವಳು ಎದ್ದು ಕೋಣೆಗೆ ಹೋದಳು. ಜಾಮಿಟ್ರಿ ಬಾಕ್ಸ್ ತೆಗೆದಳು. ಚೀಟಿಯ ಮಡಿಕೆ ಹಳದಿಯಾಗಿತ್ತು, ಒಂದು ಮೂಲೆಗೆ ಪೆನ್ಸಿಲಿನ ಸೀಸ ಹತ್ತಿತ್ತು. ತಂದು ಅಪ್ಪನ ತಟ್ಟೆಯ ಪಕ್ಕದಲ್ಲಿಟ್ಟಳು.

ಅಪ್ಪ ಓದಿದ್ದು ನಾಲ್ಕನೇ ಕ್ಲಾಸ್. ಚೀಟಿಯನ್ನು ದೀಪದ ಕಡೆ ಹಿಡಿದು ಅಕ್ಷರ ಅಕ್ಷರ ಕೂಡಿಸಿ ಜೋರಾಗಿಯೇ ಓದಿದ. "ಅಪ್ಪ, ಪಿನೋರಾನೇ ತಗೋ. ನಮ್ಮೂರಲ್ಲಿ ಕರೆಂಟ್ ಇರಲ್ಲ, ಬ್ಯಾಟರಿ ಮುಖ್ಯ. ದುಡ್ಡು ಕಮ್ಮಿ ಅಂತ ಟೈಗಾನ್ ತರಬೇಡ. ಗಂಗ."

ಅಮ್ಮ ಸಾರಿನ ಸೌಟು ಹಿಡಿದುಕೊಂಡೇ ನಿಂತಿದ್ದಳು. ನಯನ ಏಟು ಬೀಳುತ್ತದೆ ಎಂದು ಕಾದಳು. ಬಿದ್ದರೆ ಸಾಕು ಎಂದೂ ಅನ್ನಿಸಿತು.

"ಸೈಕಲ್‌ಗಾ?" ಎಂದು ಅಪ್ಪ ಕೇಳಿದ.

ನಯನ ಹೌದೆಂದು ತಲೆಯಾಡಿಸಿದಳು.

ಅಪ್ಪ ಚೀಟಿಯನ್ನು ಮೊದಲಿದ್ದ ಮಡಿಕೆಗೇ ಮಡಿಸಿದ. "ಕೇಳಿದ್ರೆ ಮುಂದಿನ ಸಲ ಕೊಬ್ಬರಿ ಮಾರಿದಾಗ ಕೊಡಿಸ್ತಿದ್ನಲ್ಲೇ, ಕೂಸೇ," ಎಂದ.

ಅಷ್ಟೇ ಅಂದದ್ದು. ಆಗ ನಯನ ಅತ್ತಳು. ಎಂಟು ತಿಂಗಳಿನಿಂದ ಉಳಿದಿದ್ದ ಅಳು ಅದು, ಬೇಗ ನಿಲ್ಲಲಿಲ್ಲ.

"ನಿಂಗೆ ಅವತ್ತೇ ಗೊತ್ತಿತ್ತಲ್ಲ ಅಕ್ಕ, ಯಾಕೆ ಹೇಳ್ಲಿಲ್ಲ?" ಎಂದು ಮಲಗುವಾಗ ಕೇಳಿದಳು.

ಗಂಗಕ್ಕ ಹೊದಿಕೆ ಎಳೆದುಕೊಂಡಳು. "ನೀನೇ ಹೇಳ್ತೀಯ ಅಂತ ಇದ್ದೆ ಕಣೇ. ದಿನಾ ಅನ್ಕೊಳ್ತಿದ್ದೆ, ಇವತ್ತು ಹೇಳ್ತಾಳೆ ಅಂತ," ಎಂದಳು. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು.

ಸೋಮವಾರ ಬೆಳಿಗ್ಗೆ ಗಂಗಕ್ಕ ಎಂದಿನಂತೆ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ಹೊರಟಳು. ಪ್ರಾಜೆಕ್ಟ್ ಮುಗಿದಿದ್ದರೂ ರಿಪೋರ್ಟಿನ ಪ್ರಿಂಟ್ ತೆಗೆಸುವುದು ಬಾಕಿಯಿತ್ತು. ರಜವಾದರೂ ನಯನ ಸೈಕಲ್ ತಳ್ಳಿಕೊಂಡು ಅವಳ ಹಿಂದೆಯೇ ಓಡಿ ಬಂದಳು.

"ಬ್ಯಾಗ್ ಕೊಡಕ್ಕ. ಕ್ಯಾರಿಯರ್ ಮೇಲಿಡ್ತೀನಿ."

ಗಂಗಕ್ಕ ಬೇಡ ಅನ್ನಲಿಲ್ಲ. ನಯನ ಎರಡೂ ಕೈಯಲ್ಲಿ ಬ್ಯಾಗ್ ಎತ್ತಿದಳು. ಅಷ್ಟು ದಿನ ಒಂದು ಸಲವೂ ಅವಳು ಅದನ್ನು ಎತ್ತಿ ನೋಡಿರಲಿಲ್ಲ. ಕ್ಯಾರಿಯರ್ ಮೇಲಿಟ್ಟಾಗ ಸೈಕಲ್ಲಿನ ಮುಂದಿನ ಚಕ್ರ ಮೇಲೆದ್ದಂತಾಯಿತು.

ತೋಟದ ಬೇಲಿಯ ಪಕ್ಕ ಇಬ್ಬರೂ ನಡೆದರು. ನಯನ ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದು ಕೈಯಲ್ಲಿ ಬ್ಯಾಗ್ ಹಿಡಿದಿದ್ದಳು. ಏರು ಬಂದಾಗ ಉಸಿರು ಕಟ್ಟಿತು.

"ಭಾರ ಆಯ್ತೇನೇ?" ಎಂದಳು ಗಂಗಕ್ಕ.

"ಹೂಂ," ಎಂದಳು ನಯನ. ಈ ಸಲ ಅವಳು ಸುಳ್ಳು ಹೇಳಲಿಲ್ಲ.

ಬಸ್ಸು ಬಂತು. ಗಂಗಕ್ಕ ಬ್ಯಾಗನ್ನು ಹೆಗಲಿಗೆ ಏರಿಸಿ, ಒಂದು ಕಡೆ ವಾಲಿಕೊಂಡು ಮೆಟ್ಟಿಲು ಹತ್ತಿದಳು. ಕಿಟಕಿಯಿಂದ ಕೈಯಾಡಿಸಿ, "ಸಂಜೇನೂ ಸೈಕಲ್ ತಗೊಂಡು ಬಾ" ಎಂದಳು. ಸೈಕಲ್ ಈಗ ಹಗುರವಾಗಿತ್ತು. ಆದರೂ ನಯನ ಅದನ್ನು ಹತ್ತಲಿಲ್ಲ, ಮನೆಯವರೆಗೂ ತಳ್ಳಿಕೊಂಡೇ ಹೋದಳು.